ಜೇಬಿನ ಟಾರ್ಚ್ ಕೊಳ್ಳುವಾಗ ಲ್ಯೂಮೆನ್ ಆಮೇಲೆ ನೋಡಿ: ಕಡಿಮೆ ಬೆಲೆಯ ಐದು ಟಾರ್ಚ್‌ಗಳ ವಿಮರ್ಶೆ

900 ಲ್ಯೂಮೆನ್, 1300 ಲ್ಯೂಮೆನ್, ಕೆಲವದರ ಮೇಲಂತೂ ಲಕ್ಷ ಲ್ಯೂಮೆನ್. ಟಾರ್ಚಿನ ಡಬ್ಬಿಯ ಮೇಲೆ ಎದ್ದು ಕಾಣುವುದು ಈ ಸಂಖ್ಯೆ, ಅಂದರೆ ಟಾರ್ಚು ಚೆಲ್ಲುವ ಒಟ್ಟು ಬೆಳಕಿನ ಅಳತೆ. ದಿನದ ಬಳಕೆಯಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಇದೇ. ದಿನಾ ಜೇಬಿನಲ್ಲಿರುವ ಟಾರ್ಚ್ ಮಾಡುವ ಕೆಲಸಗಳನ್ನು ಎಣಿಸಿ ನೋಡಿ: ಬೀಗದ ತೂತು ಹುಡುಕುವುದು, ಮಂಚದ ಕೆಳಗೆ ಉರುಳಿದ ಸ್ಕ್ರೂ ಹುಡುಕುವುದು, ಮೇನ್ ಸ್ವಿಚ್ ಬೋರ್ಡಿನಲ್ಲಿ ಯಾವ ಎಂಸಿಬಿ ಬಿದ್ದಿದೆ ಎಂದು ನೋಡುವುದು, ಮಲಗಿದವರಿಗೆ ಎಚ್ಚರವಾಗದಂತೆ ನಡುರಾತ್ರಿ ಎದ್ದು ಓಡಾಡುವುದು, ಕತ್ತಲ ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಏನಿದೆ ಎಂದು ತಿಳಿಯುವುದು. ಇವುಗಳಲ್ಲಿ ಹೆಚ್ಚಿನವು 1ರಿಂದ 50 ಲ್ಯೂಮೆನ್‌ನಲ್ಲೇ ಮುಗಿಯುತ್ತವೆ. ನಡೆಯಲು 100–150 ಸಾಕು. 300 ದಾಟಿದರೆ ಅದು ಅಂಗಳದ ಆಚೆ ಏನೋ ಸದ್ದಾಯಿತು ಎನ್ನುವಾಗಿನ ಬೆಳಕು.

ಹಾಗಾಗಿ ನಮ್ಮ ಅಳತೆಗೋಲು ಮೂರು. ಟಾರ್ಚಿನ ಅತಿ ಕಡಿಮೆ ಬೆಳಕು ಎಷ್ಟು ಕಡಿಮೆ? ಒಳಗಿನ ಸೆಲ್ ಯಾವುದು? ಸ್ವಿಚ್ ಜೇಬಿನಲ್ಲಿ ತಾನಾಗಿ ಒತ್ತಿಕೊಳ್ಳುತ್ತದೆಯೇ? ಈ ಮೂರರಲ್ಲಿ ಗೆದ್ದ ಟಾರ್ಚ್ ಅಗ್ಗದ್ದಾದರೂ ವರ್ಷಗಟ್ಟಲೆ ಜೇಬಿನಲ್ಲಿ ಉಳಿಯುತ್ತದೆ. ಸೋತದ್ದು ವಾರದೊಳಗೆ ಮೇಜಿನ ಡ್ರಾಯರ್ ಸೇರುತ್ತದೆ.

ಲ್ಯೂಮೆನ್ ಲೆಕ್ಕದ ಒಳಗುಟ್ಟು

ಹೆಸರುಳ್ಳ ಕಂಪನಿಗಳು ಆನ್ಸಿ ಎಫ್‌ಎಲ್1 ಎಂಬ ಮಾನದಂಡದ ಪ್ರಕಾರ ಅಳೆಯುತ್ತವೆ. ಇದರಲ್ಲಿ ಬೆಳಕನ್ನು ಅಳೆಯುವುದು ಟಾರ್ಚ್ ಹಚ್ಚಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಬಾಳಿಕೆ ಎಂದರೆ ಆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ. ಅಂದರೆ ‘1000 ಲ್ಯೂಮೆನ್, 2 ಗಂಟೆ’ ಎಂದು ಬರೆದಿದ್ದರೆ ಎರಡು ಗಂಟೆಯೂ ಸಾವಿರ ಇರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಮೊದಲ ಎರಡು ನಿಮಿಷ ಸಾವಿರವಿದ್ದು, ಉಳಿದಷ್ಟು ಹೊತ್ತು 300 ಇದ್ದರೂ ಬರೆದದ್ದು ಸುಳ್ಳಾಗುವುದಿಲ್ಲ. ದೂರದ ಲೆಕ್ಕವೂ ಹೀಗೆಯೇ: ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟಕ್ಕೆ ಇಳಿಯುವ ದೂರವನ್ನೇ ‘ಬೀಮ್ ದೂರ’ ಎನ್ನುತ್ತಾರೆ. 120 ಮೀಟರ್ ಎಂದು ಬರೆದಿದ್ದರೆ 40–60 ಮೀಟರಿನಲ್ಲಿ ವಸ್ತು ಸ್ಪಷ್ಟವಾಗಿ ಕಂಡೀತು ಎಂದುಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಇಳಿಕೆ ಏಕೆ? ಶಾಖದಿಂದ. 1300 ಲ್ಯೂಮೆನ್ ಕೊಡಲು ಸಣ್ಣ ಟಾರ್ಚಿನ ಎಲ್‌ಇಡಿಗೆ ಹತ್ತಿರಹತ್ತಿರ 12 ವ್ಯಾಟ್ ಬೇಕು. ಹೆಬ್ಬೆರಳು ದಪ್ಪದ ಅಲ್ಯೂಮಿನಿಯಂ ಕೊಳವೆ, ಕೈ ಸುಡದಂತೆ ಹೊರಗೆ ಬಿಡಬಲ್ಲದ್ದು ಸುಮಾರು 3–4 ವ್ಯಾಟಿನ ಬಿಸಿಯನ್ನು ಮಾತ್ರ. ಆದ್ದರಿಂದ ಒಳಗಿನ ಸರ್ಕ್ಯೂಟು ಒಂದೆರಡು ನಿಮಿಷಕ್ಕೇ ಬೆಳಕನ್ನು 300–400ರ ಆಸುಪಾಸಿಗೆ ಇಳಿಸುತ್ತದೆ. ಇಳಿಸಲೇಬೇಕು, ಇಳಿಸದ ಟಾರ್ಚೇ ಅಪಾಯದ್ದು. ಒಳ್ಳೆಯವು ತಾಪಮಾನ ನೋಡಿ ಇಳಿಸುತ್ತವೆ, ಅಗ್ಗದವು ಬರೀ ಗಡಿಯಾರ ನೋಡಿ.

ನಮ್ಮ ಕಣ್ಣಿನ ಸ್ವಭಾವವೂ ಇಲ್ಲಿ ಕೆಲಸ ಮಾಡುತ್ತದೆ. ಬೆಳಕು ಎರಡರಷ್ಟಾಯಿತು ಎಂದು ಕಣ್ಣಿಗೆ ಅನ್ನಿಸಬೇಕಾದರೆ ಲ್ಯೂಮೆನ್ ಸುಮಾರು ನಾಲ್ಕು ಪಟ್ಟಾಗಬೇಕು. 900 ಮತ್ತು 1300ರ ನಡುವಿನ ವ್ಯತ್ಯಾಸ, ಎರಡನ್ನೂ ಅಕ್ಕಪಕ್ಕ ಹಿಡಿಯದೆ, ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಆ ವ್ಯತ್ಯಾಸಕ್ಕೆ ಹೆಚ್ಚಿನ ಹಣ ಕೊಡಬೇಡಿ.

ಸೆಲ್ ಆರಿಸಿದರೆ ಅರ್ಧ ಕೆಲಸ ಮುಗಿದಂತೆ

ಟಾರ್ಚಿನ ಗಾತ್ರ, ತೂಕ, ಬಾಳಿಕೆ, ಅಪಾಯ ಎಲ್ಲವನ್ನೂ ನಿರ್ಧರಿಸುವುದು ಸೆಲ್. ಹೋಲಿಕೆಗೆ ವೋಲ್ಟ್ ಮತ್ತು ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಗುಣಿಸಿ, ಸಾವಿರದಿಂದ ಭಾಗಿಸಿ ವ್ಯಾಟ್-ಅವರ್, ಅಂದರೆ ಸೆಲ್ಲಿನ ಒಟ್ಟು ಶಕ್ತಿ, ತೆಗೆಯಬೇಕು. 3000 ಎಂಎಎಚ್‌ನ 18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ) ಲೀಥಿಯಂ ಸೆಲ್ ಸುಮಾರು 10.8 ವ್ಯಾಟ್-ಅವರ್. 900 ಎಂಎಎಚ್‌ನ 14500, ಅಂದರೆ ಚಿಕ್ಕ ಲೀಥಿಯಂ ಸೆಲ್, ಸುಮಾರು 3.2. ರೀಚಾರ್ಜ್ ಆಗುವ ಡಬಲ್ ಎ, ಅಂದರೆ 2000 ಎಂಎಎಚ್‌ನ ನಿಕಲ್ ಸೆಲ್, 2.4. ಅದೇ ಜಾತಿಯ ಟ್ರಿಪಲ್ ಎ ಕಷ್ಟಪಟ್ಟು 1. ಈಗಿನ ಎಲ್‌ಇಡಿಗಳು ಒಂದು ವ್ಯಾಟಿಗೆ ಸರಾಸರಿ 100 ಲ್ಯೂಮೆನ್ ಕೊಡುತ್ತವೆ ಎಂದು ಹಿಡಿದರೆ ಲೆಕ್ಕ ಸುಲಭ: 100 ಲ್ಯೂಮೆನ್‌ನಲ್ಲಿ 18650 ಹತ್ತು ಗಂಟೆ, 14500 ಮೂರು ಗಂಟೆ, ಡಬಲ್ ಎ ಎರಡು ಗಂಟೆ, ಟ್ರಿಪಲ್ ಎ ಒಂದು ಗಂಟೆಯೊಳಗೆ. ಜಾಹೀರಾತಿನಲ್ಲಿ ಇದರ ಎರಡರಷ್ಟು ಬರೆದಿದ್ದರೆ ಯಾವುದೋ ಮೂಲೆಯಲ್ಲಿ ನಕ್ಷತ್ರಚಿಹ್ನೆ ಇರುತ್ತದೆ, ಹುಡುಕಿ.

14500 ಮತ್ತು ಡಬಲ್ ಎ ನೋಡಲು ಒಂದೇ: 14 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ. ಆದರೆ ಒಂದರಲ್ಲಿ ತುಂಬಿದಾಗ 4.2 ವೋಲ್ಟ್, ಇನ್ನೊಂದರಲ್ಲಿ 1.5 ಅಥವಾ 1.2. ಡಬಲ್ ಎಗೆಂದೇ ಮಾಡಿದ ಟಾರ್ಚಿಗೋ ಗೋಡೆ ಗಡಿಯಾರಕ್ಕೋ 14500 ಹಾಕಿದರೆ ಸರ್ಕ್ಯೂಟು ಸುಡುತ್ತದೆ. ಮನೆಯಲ್ಲಿ ಎರಡೂ ಇದ್ದರೆ ಲೀಥಿಯಂ ಸೆಲ್‌ಗೆ ಬಣ್ಣದ ಟೇಪಿನ ಒಂದು ಸುತ್ತು ಹಾಕಿಡಿ.

ಆಲ್ಕಲೈನ್ ಸೆಲ್ ಟಾರ್ಚಿನ ಶತ್ರು. ಖಾಲಿಯಾದ ಮೇಲೆ ಒಳಗೇ ಉಳಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ, ಸ್ಪ್ರಿಂಗು ತುಕ್ಕು ಹಿಡಿದು, ಸೆಲ್ಲು ಕೊಳವೆಗೆ ಕಚ್ಚಿಕೊಳ್ಳುತ್ತದೆ. ಡಬಲ್ ಎ ಟಾರ್ಚ್ ಕೊಂಡವರು ಜೊತೆಗೇ ಎರಡು ನಿಕಲ್ ಸೆಲ್ ಕೊಳ್ಳುವುದು ಜಾಣತನ. ಕೊನೆಗೆ ಅದೇ ಅಗ್ಗ.

18650 ಕೊಳ್ಳುವಾಗ 9900 ಎಂಎಎಚ್ ಎಂದು ಬರೆದ ಸೆಲ್ ಕಂಡರೆ ಮುಂದೆ ಹೋಗಿ. ಒಳ್ಳೆಯ ಕಂಪನಿಗಳ 18650 ಸಾಮಾನ್ಯವಾಗಿ 2500ರಿಂದ 3600ರ ನಡುವೆ ಇರುತ್ತದೆ, ಈಚಿನ ಕೆಲವು 4000ದ ಹತ್ತಿರ ಬಂದಿವೆ. ಸರಿಯಾದ ಸೆಲ್ 45–50 ಗ್ರಾಂ ತೂಗುತ್ತದೆ. ಕೈಯಲ್ಲಿ ಹಗುರ ಅನ್ನಿಸಿದರೆ ಒಳಗೆ ಅರ್ಧ ಗಾಳಿಯೇ. ಪ್ರೊಟೆಕ್ಷನ್ ಸರ್ಕ್ಯೂಟ್ ಇರುವ ಸೆಲ್ 65ರ ಬದಲು 68–70 ಮಿ.ಮೀ. ಇರುತ್ತದೆ. ಕೆಲವು ಟಾರ್ಚಿನಲ್ಲಿ ಅದು ಕೂರುವುದಿಲ್ಲ, ಬಲವಂತವಾಗಿ ಮುಚ್ಚಿದರೆ ಸ್ಪ್ರಿಂಗು ಚಪ್ಪಟೆಯಾಗುತ್ತದೆ.

ಬಣ್ಣ ಮತ್ತು ಗುಂಡಿ

ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಅಗ್ಗದ ಟಾರ್ಚಿನ ನೀಲಿಬಿಳಿ ಬೆಳಕು 6500 ಕೆಲ್ವಿನ್ ಅಥವಾ ಅದಕ್ಕಿಂತ ಮೇಲೆ, ಬಣ್ಣ ತೋರಿಸುವ ಗುಣ, ಅಂದರೆ ಸಿಆರ್‌ಐ, 70ರ ಸುತ್ತ. ಅದರಲ್ಲಿ ಕಂದು ವೈರ್ ಯಾವುದು ಕೆಂಪು ವೈರ್ ಯಾವುದು ಎಂದು ಗೊತ್ತಾಗುವುದಿಲ್ಲ. 4000–5000 ಕೆಲ್ವಿನ್, ಸಿಆರ್‌ಐ 90 ಇರುವ ಎಲ್‌ಇಡಿ ಈಗ ಕಡಿಮೆ ಬೆಲೆಯ ಟಾರ್ಚಿಗೂ ಬಂದಿದೆ. ಅದೇ ವಿದ್ಯುತ್ತಿಗೆ ಲ್ಯೂಮೆನ್ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ ನಷ್ಟ. ವೈರಿಂಗ್ ಕೆಲಸದವರು, ಗಾಯ ನೋಡಿ ಪಟ್ಟಿ ಕಟ್ಟುವವರು ಇದರಲ್ಲಿ ರಾಜಿಯಾಗಬಾರದು.

ಸ್ವಿಚ್ಚು ಎಲ್ಲಿರಬೇಕು ಎಂಬುದು ಅಭ್ಯಾಸದ ಮಾತು. ಜೇಬಿನಲ್ಲಿ ಹೊತ್ತಿಕೊಳ್ಳುತ್ತದೆಯೇ ಎಂಬುದು ಸುರಕ್ಷತೆಯ ಮಾತು. ಬಾಲದ ಕ್ಲಿಕ್ ಸ್ವಿಚ್ ಗಟ್ಟಿಯಾಗಿ ಒತ್ತಬೇಕಾದ್ದರಿಂದ ತಾನಾಗಿ ಹೊತ್ತುವುದು ಅಪರೂಪ. ಆರಿಸಿದಾಗ ವಿದ್ಯುತ್ ಪೂರ್ತಿ ಕಡಿಯುತ್ತದೆ. ಪಕ್ಕದ ಎಲೆಕ್ಟ್ರಾನಿಕ್ ಗುಂಡಿ ಮೃದು, ಒಂದೇ ಬೆರಳಲ್ಲಿ ಬೆಳಕು ಏರಿಸಿ ಇಳಿಸಬಹುದು, ಆದರೆ ಬೀಗದಕೈ ತಾಗಿದರೂ ಸಾಕು. 1000 ಲ್ಯೂಮೆನ್ ಜೇಬಿನೊಳಗೆ ಹೊತ್ತಿಕೊಂಡರೆ ಬಟ್ಟೆ ಸುಡುವುದು, ತೊಡೆ ಸುಡುವುದು ನಿಜವಾಗಿಯೂ ಆಗುವ ಸಂಗತಿ. ಪರಿಹಾರ ಸರಳ: ಥ್ರೆಡ್‌ಗೆ, ಅಂದರೆ ಮುಚ್ಚಳ ಕೂರುವ ತಿರುಪಿನ ಗೆರೆಗಳಿಗೆ, ವಿದ್ಯುತ್ ಹರಿಯಗೊಡದ ಆನೋಡೈಸ್ ಲೇಪನ ಇರುವ ಟಾರ್ಚಿನಲ್ಲಿ ಬಾಲದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಸಂಪರ್ಕ ಪೂರ್ತಿ ಕಡಿಯುತ್ತದೆ. ಲೇಪನ ಇದೆಯೇ ಎಂದು ತಿಳಿಯಲು ಟಾರ್ಚ್ ಹಚ್ಚಿ ಮುಚ್ಚಳ ತಿರುಗಿಸಿ ನೋಡಿ. ಕಾಲು ಸುತ್ತಿಗೇ ಆರಬೇಕು.

ಐದು ಟಾರ್ಚ್‌ಗಳು

ಸೋಫಿರ್ನ್ ಎಸ್‌ಪಿ10 ಪ್ರೊ. ಹೆಚ್ಚಿನವರಿಗೆ ಇದೇ ಸರಿ. ಡಬಲ್ ಎ ಹಾಕಬಹುದು, 14500 ಕೂಡ ಹಾಕಬಹುದು. ಹೇಳುವ 900 ಲ್ಯೂಮೆನ್ 14500 ಹಾಕಿದಾಗಿನ ಮಾತು, ಡಬಲ್ ಎಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಎಲ್‌ಇಡಿ 5000 ಕೆಲ್ವಿನ್, ಸಿಆರ್‌ಐ 90ರ ಎಲ್‌ಎಚ್351ಡಿ ಎಂಬ ಮಾದರಿ. ಅತಿ ಕಡಿಮೆ ಬೆಳಕು ಒಂದು ಲ್ಯೂಮೆನ್‌ಗೂ ಕೆಳಗೆ, ಮಲಗುವ ಕೋಣೆಗೆ ಹೇಳಿ ಮಾಡಿಸಿದಂತಿದೆ. ಒಳಗಿರುವುದು ಆಂಡುರಿಲ್ 2 ಎಂಬ ಫರ್ಮ್‌ವೇರ್, ಅಂದರೆ ಟಾರ್ಚನ್ನು ನಡೆಸುವ ಸಾಫ್ಟ್‌ವೇರ್. ಹೆಸರು ಕೇಳಿ, ಅದರ ಉದ್ದದ ನಕ್ಷೆ ನೋಡಿ ಹೆದರುವವರು ಬಹಳ. ಬೇಕಾದದ್ದು ಇಷ್ಟೇ: ಆರಿದ್ದಾಗ ಒಮ್ಮೆ ಒತ್ತಿದರೆ ಹಿಂದಿನ ಬೆಳಕು, ಒತ್ತಿ ಹಿಡಿದರೆ ಅತಿ ಕಡಿಮೆ ಬೆಳಕು, ಎರಡು ಬಾರಿ ಒತ್ತಿದರೆ ಅತಿ ಹೆಚ್ಚು, ಮೂರು ಬಾರಿ ಒತ್ತಿದರೆ ಸೆಲ್‌ನ ವೋಲ್ಟೇಜು ಮಿನುಗಿ ಹೇಳುತ್ತದೆ, ನಾಲ್ಕು ಬಾರಿ ಒತ್ತಿದರೆ ಲಾಕ್. ಹೊತ್ತಿದ್ದಾಗ ಒತ್ತಿ ಹಿಡಿದರೆ ಬೆಳಕು ಮೆಲ್ಲಗೆ ಏರುತ್ತದೆ, ಬಿಟ್ಟು ಮತ್ತೆ ಹಿಡಿದರೆ ಇಳಿಯುತ್ತದೆ. ಮಿಕ್ಕದ್ದನ್ನು ಮರೆತುಬಿಡಿ.

ಕೊರತೆಗಳೂ ಇವೆ. ಎಲ್‌ಎಚ್351ಡಿ ಎಲ್‌ಇಡಿಯ ಬೆಳಕಿನಲ್ಲಿ, ಅದರಲ್ಲೂ ಕಡಿಮೆ ಮಟ್ಟದಲ್ಲಿ, ತುಸು ಹಸಿರು ಛಾಯೆ ಇರುತ್ತದೆ. ಬಿಳಿ ಗೋಡೆಯ ಮೇಲೆ ಬಿಟ್ಟರೆ ಗೊತ್ತಾಗುತ್ತದೆ, ಕೆಲಸ ಮಾಡುವಾಗ ಗೊತ್ತಾಗುವುದಿಲ್ಲ. ಟಾರ್ಚಿನೊಳಗೆ ಚಾರ್ಜಿಂಗ್ ಇಲ್ಲ, ಚಾರ್ಜರ್ ಬೇರೆ ಬೇಕು. ಎಲೆಕ್ಟ್ರಾನಿಕ್ ಗುಂಡಿಯ ಟಾರ್ಚು ಆರಿದ್ದಾಗಲೂ ಒಂದಿಷ್ಟು ವಿದ್ಯುತ್ ಕುಡಿಯುತ್ತದೆ, 1.2 ವೋಲ್ಟಿನ ಸೆಲ್ ಇದ್ದಾಗ ಆ ವೋಲ್ಟೇಜನ್ನು ಏರಿಸಿಯೇ ಒಳಗಿನ ಚಿಪ್ಪನ್ನು ಎಚ್ಚರವಾಗಿಡಬೇಕಾದ್ದರಿಂದ ಇನ್ನೂ ಹೆಚ್ಚು. ದಿನಾ ಬಳಸುವವರಿಗೆ ಲೆಕ್ಕಕ್ಕಿಲ್ಲ. ತಿಂಗಳುಗಟ್ಟಲೆ ಇಡುವುದಾದರೆ ಮುಚ್ಚಳ ಸಡಿಲಿಸಿ.

ವುರ್ಕೋಸ್ ಎಫ್‌ಸಿ11. ಚಾರ್ಜರ್, ಸೆಲ್ ಎಂದು ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲದವರು ಇದನ್ನು ಕೊಳ್ಳಬಹುದು. 18650 ಸೆಲ್, ಪಕ್ಕದಲ್ಲಿ ಟೈಪ್-ಸಿ ಚಾರ್ಜಿಂಗ್, ಬಾಲದಲ್ಲಿ ಆಯಸ್ಕಾಂತ. ಎಲ್‌ಇಡಿ ಮೇಲಿನದೇ. 1300 ಲ್ಯೂಮೆನ್ ಎನ್ನುತ್ತಾರೆ, ಅದು ಮೊದಲ ಕೆಲವು ನಿಮಿಷದ ವೈಭವ. ಇದರ ನಿಜವಾದ ಗುಣ 100–200 ಲ್ಯೂಮೆನ್‌ನಲ್ಲಿ ಗಂಟೆಗಟ್ಟಲೆ ನಿಲ್ಲುವುದು. ಬಾನೆಟ್ಟಿನ ಒಳಭಾಗಕ್ಕೋ ಫ್ರಿಜ್ಜಿನ ಪಕ್ಕಕ್ಕೋ ಬಾಲವನ್ನು ಅಂಟಿಸಿ ಎರಡೂ ಕೈಯಲ್ಲಿ ಕೆಲಸ ಮಾಡುವ ಸುಖ ಒಮ್ಮೆ ಸಿಕ್ಕಿದರೆ ಆಯಸ್ಕಾಂತವಿಲ್ಲದ ಟಾರ್ಚ್ ಬೇಡವೆನಿಸುತ್ತದೆ. ಅದೇ ಆಯಸ್ಕಾಂತ ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡಿನ ಜೊತೆ ಒಂದೇ ಜೇಬಿನಲ್ಲಿ ಇಡಬಾರದು. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಇಂಥ ಟಾರ್ಚುಗಳ ದುರ್ಬಲ ಜಾಗ. ಅದು ಸರಿಯಾಗಿ ಕೂತಿಲ್ಲದಿದ್ದರೆ ನೀರು ತಡೆಯುವ ಮಾತು ಸುಳ್ಳು. ಜೀನ್ಸ್ ಜೇಬಿಗೆ ಇದು ದಪ್ಪವೇ. ಜಾಕೆಟ್ಟಿಗೆ, ಬ್ಯಾಗಿಗೆ, ಸೊಂಟದ ಪೌಚಿಗೆ ಸರಿ.

ಟೈಪ್-ಸಿ ಇರುವ ಯಾವ ಟಾರ್ಚ್ ಕೊಂಡರೂ ಒಂದು ಪರೀಕ್ಷೆ ಮಾಡಿ. ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜ್ ಆಗುತ್ತದೆಯೇ ನೋಡಿ. ಕೆಲವು ತಯಾರಕರು ತೂತಿನ ಹಿಂದೆ ಇರಬೇಕಾದ ಎರಡು 5.1 ಕಿಲೋಓಮ್ ರೆಸಿಸ್ಟರ್‌ಗಳನ್ನು ಹಾಕಿರುವುದಿಲ್ಲ. ಆಗ ಹೊಸ ಚಾರ್ಜರಿಗೆ ಅಲ್ಲೊಂದು ಸಾಧನ ಇದೆ ಎಂದೇ ತಿಳಿಯುವುದಿಲ್ಲ, ವಿದ್ಯುತ್ ಬಿಡುವುದಿಲ್ಲ. ಟಾರ್ಚು ಕೆಟ್ಟಿದೆ ಎಂದು ವಾಪಸ್ ಕಳಿಸುವ ಮೊದಲು ಚಾರ್ಜರಿನ ಕಡೆ ಅಗಲ ಮೂತಿಯ (ಯುಎಸ್‌ಬಿ-ಎ) ಹಳೆಯ ಕೇಬಲ್ಲಿನಲ್ಲಿ ಹಾಕಿ ನೋಡಿ.

ಕಾನ್ವಾಯ್ ಎಸ್2 ಪ್ಲಸ್. ಹಳೆಯ ಹುಲಿ. 24 ಮಿ.ಮೀ. ದಪ್ಪದ ಸರಳ ಕೊಳವೆ, 18650 ಸೆಲ್, ಬಾಲದಲ್ಲಿ ಕ್ಲಿಕ್ ಸ್ವಿಚ್. ಚಾರ್ಜಿಂಗ್ ಇಲ್ಲ, ಆಯಸ್ಕಾಂತ ಇಲ್ಲ, ಕ್ಲಿಪ್ಪೂ ಜೊತೆಗೆ ಬರುವುದಿಲ್ಲ, ಸೆಲ್ ಸಾಮಾನ್ಯವಾಗಿ ಬೇರೆ ಕೊಳ್ಳಬೇಕು. ಹಾಗಿದ್ದೂ ಏಕೆ ಹೇಳುತ್ತಿದ್ದೇವೆ ಎಂದರೆ ಈ ಪಟ್ಟಿಯಲ್ಲಿ ನಿರಾಯಾಸವಾಗಿ ರಿಪೇರಿ ಮಾಡಬಹುದಾದದ್ದು ಇದೊಂದೇ. ಗಾಜು, ಸ್ವಿಚ್, ಸ್ವಿಚ್ಚಿನ ರಬ್ಬರ್, ಡ್ರೈವರ್ (ಎಲ್‌ಇಡಿಗೆ ವಿದ್ಯುತ್ತನ್ನು ಹದವಾಗಿ ಬಿಡುವ ಸರ್ಕ್ಯೂಟು), ಎಲ್‌ಇಡಿ ಎಲ್ಲವೂ ಬಿಡಿಭಾಗವಾಗಿ ಸಿಗುತ್ತವೆ. ಇದರ ಪ್ರಸಿದ್ಧ ಡ್ರೈವರಿನಲ್ಲಿ 7135 ಎಂಬ ಪುಟ್ಟ ಚಿಪ್ಪುಗಳು ಸಾಲಾಗಿರುತ್ತವೆ, ಒಂದೊಂದೂ 350–380 ಮಿಲಿಆಂಪಿಯರ್ ಬಿಡುತ್ತದೆ. ಎಂಟು ಚಿಪ್ಪಿನದು ಸುಮಾರು 3 ಆಂಪಿಯರ್. ಇಂಥ ಡ್ರೈವರ್ ಸೆಲ್ ಸಾಕಷ್ಟು ಇಳಿಯುವವರೆಗೂ ಬೆಳಕನ್ನು ಸಮವಾಗಿ ಹಿಡಿದಿಡುತ್ತದೆ. ಮೋಡ್‌ಗಳ 12 ಗುಂಪುಗಳಿವೆ, ಕಣ್ಣು ಕುಕ್ಕುವ ಮಿನುಗು ಇಲ್ಲದ ಗುಂಪನ್ನು ಆರಿಸಿಕೊಂಡರೆ ಬಳಕೆ ಹಿತ. ಸ್ವಿಚ್ಚು ರಿವರ್ಸ್ ಜಾತಿಯದು: ಪೂರ್ತಿ ಒತ್ತಿ ಬಿಟ್ಟಾಗ ಹೊತ್ತುತ್ತದೆ, ಹೊತ್ತಿದ ಮೇಲೆ ಅರ್ಧ ಒತ್ತಿದರೆ ಮೋಡ್ ಬದಲಾಗುತ್ತದೆ. ಕೊಳ್ಳುವಾಗ ಎಲ್‌ಇಡಿ, ಡ್ರೈವರ್ ಎರಡನ್ನೂ ಓದಿ ಆರಿಸಿ. ಒಂದೇ ಹೆಸರಿನಲ್ಲಿ ಹಲವು ಬಗೆ ಮಾರಾಟವಾಗುತ್ತವೆ.

ವುರ್ಕೋಸ್ ಟಿಎಸ್10. ಮೂರು ಎಲ್‌ಇಡಿ, 14500 ಸೆಲ್, 1400 ಲ್ಯೂಮೆನ್, ಮೂತಿಯೊಳಗೆ ಬಣ್ಣಬಣ್ಣದ ಪುಟ್ಟ ದೀಪಗಳು. ಆಟಿಕೆಯಾಗಿ ಬಹಳ ಚೆಂದ. ಮೂರೂ ಸೇರಿ ಚೆಲ್ಲುವ ಬೆಳಕು ಅಗಲ, ಹತ್ತಿರದ ಕೆಲಸಕ್ಕೆ ನಯ. ಆದರೆ ಇಷ್ಟು ಪುಟ್ಟ ಮೈಯಲ್ಲಿ ಅಷ್ಟು ಬೆಳಕು ನಿಮಿಷವೂ ನಿಲ್ಲದೆ ಕೈ ಸುಡತೊಡಗುತ್ತದೆ, ಬಾಲದ ಎಲೆಕ್ಟ್ರಾನಿಕ್ ಗುಂಡಿ ಹೊರಗೆ ಚಾಚಿಕೊಂಡಿರುವುದರಿಂದ ಜೇಬಿನಲ್ಲಿ ಒತ್ತಿಕೊಳ್ಳುವ ಸಾಧ್ಯತೆ ಈ ಐದರಲ್ಲೇ ಹೆಚ್ಚು. ಡಬಲ್ ಎ ಸೆಲ್ ಇದಕ್ಕೆ ನಡೆಯುವುದಿಲ್ಲ. ಇದೂ ಆಂಡುರಿಲ್, ನಾಲ್ಕು ಬಾರಿ ಒತ್ತಿ ಲಾಕ್ ಮಾಡುವುದು ಕೈಗೆ ರೂಢಿಯಾಗುವವರೆಗೆ ಕೊಳ್ಳಬೇಡಿ ಎನ್ನುವಷ್ಟರ ಮಟ್ಟಿಗೆ ಅದು ಮುಖ್ಯ. ಮಕ್ಕಳ ಕೈಗೆ ಖಂಡಿತ ಬೇಡ.

ಓಲೈಟ್ ಐ3ಟಿ. ಲೀಥಿಯಂ ಸಹವಾಸವೇ ಬೇಡ ಎನ್ನುವವರಿಗೆ. ಒಂದು ಟ್ರಿಪಲ್ ಎ ಸೆಲ್, ಬಾಲದ ಸ್ವಿಚ್, ಎರಡೇ ಮಟ್ಟ: 5 ಮತ್ತು 180 ಲ್ಯೂಮೆನ್. ಪೆನ್ನಿನಂತೆ ಶರ್ಟಿನ ಜೇಬಿಗೆ ಸಿಕ್ಕಿಸಬಹುದು. ಎರಡು ದಿಕ್ಕಿನ ಕ್ಲಿಪ್ ಇರುವುದರಿಂದ ಟೋಪಿಯ ಅಂಚಿಗೆ ಹಾಕಿದರೆ ಹೆಡ್‌ಲ್ಯಾಂಪೂ ಆಯಿತು. ವಯಸ್ಸಾದವರಿಗೆ ಕೊಡಲು ಇದಕ್ಕಿಂತ ಸರಳವಾದದ್ದು ಈ ಪಟ್ಟಿಯಲ್ಲಿಲ್ಲ. 5ಕ್ಕೂ 180ಕ್ಕೂ ನಡುವೆ 40ರ ಒಂದು ಮಟ್ಟ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬುದೇ ಇದರ ಬಗೆಗಿನ ಒಂದೇ ಕೊರಗು.

ಇನ್ನು ಮೂತಿ ಎಳೆದು ಜೂಮ್ ಮಾಡುವ, ಮೂರು ಟ್ರಿಪಲ್ ಎ ಸೆಲ್‌ಗಳ ಪ್ಲಾಸ್ಟಿಕ್ ಬುಟ್ಟಿಯ ಟಾರ್ಚು. ಮೂತಿ ಮುಂದೆ ಎಳೆದಾಗ ಎಲ್‌ಇಡಿಯ ಬೆಳಕಿನ ದೊಡ್ಡ ಪಾಲು ಕೊಳವೆಯ ಒಳಗೋಡೆಗೇ ಬಡಿದು ನಷ್ಟವಾಗುತ್ತದೆ, ಗೋಡೆಯ ಮೇಲೆ ಕಾಣುವ ಚೌಕ ಎಲ್‌ಇಡಿಯದೇ ಬಿಂಬ. ಪ್ರತಿ ಬಾರಿ ಎಳೆದು ದೂಡಿದಾಗ ಪಂಪಿನಂತೆ ಗಾಳಿ, ದೂಳು, ತೇವ ಒಳಗೆ ಹೋಗುತ್ತದೆ. ಬುಟ್ಟಿಯಲ್ಲಿ ಒಂದಕ್ಕೊಂದು ಸಂಪರ್ಕದ ತಗಡು ಹಲವು. ಒಂದು ಸಡಿಲವಾದರೂ ಟಾರ್ಚು ಕೈಯಲ್ಲಿ ಬಡಿದರೆ ಮಾತ್ರ ಹೊತ್ತುವ ಸ್ಥಿತಿಗೆ ಬರುತ್ತದೆ. ಹಳೆಯ ಸೆಲ್ ಜೊತೆ ಹೊಸದು ಬೆರೆಸಿದರೆ ಹಳೆಯದು ಮೊದಲು ಸೊನ್ನೆಗಿಳಿದು, ತಿರುಗುಮುರುಗಾಗಿ ಚಾರ್ಜಾಗಿ ಸೋರುತ್ತದೆ. ಬಿಟ್ಟಿ ಕೊಟ್ಟರೂ ಸೆಲ್ ತೆಗೆದಿಡಿ.

ಕೈಗೆ ಬಂದ ದಿನ

ಕತ್ತಲ ಕೋಣೆಯಲ್ಲಿ ಹತ್ತು ನಿಮಿಷ ಕೂತು, ಕಣ್ಣು ಹೊಂದಿಕೊಂಡ ಮೇಲೆ ಅತಿ ಕಡಿಮೆ ಬೆಳಕು ಹಚ್ಚಿ. ಕಣ್ಣು ಚುಚ್ಚಿದರೆ ಅದು ರಾತ್ರಿಯ ಬಳಕೆಗಲ್ಲ. ಬೆಳಕಿನ ಮುಂದೆ ಬೆರಳುಗಳನ್ನು ಬೇಗ ಬೇಗ ಬೀಸಿ. ಬೆರಳು ತುಂಡುತುಂಡಾಗಿ ಕಂಡರೆ ಬೆಳಕು ಕಡಿಮೆ ಮಾಡಲು ಸರ್ಕ್ಯೂಟು ನಿಧಾನ ವೇಗದಲ್ಲಿ ಹೊತ್ತಿಸಿ ಆರಿಸುತ್ತಿದೆ ಎಂದರ್ಥ, ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ಆಮೇಲೆ ಅತಿ ಹೆಚ್ಚು ಬೆಳಕಿನಲ್ಲಿ ಮೂರು ನಿಮಿಷ ಕೈಯಲ್ಲೇ ಹಿಡಿಯಿರಿ. ಹಿಡಿಯಲಾಗದಷ್ಟು ಬಿಸಿಯಾದರೂ ಬೆಳಕು ಇಳಿಯದಿದ್ದರೆ ವಾಪಸ್ ಕಳಿಸಿ. ಟಾರ್ಚು ಬಿಸಿಯೇ ಆಗುತ್ತಿಲ್ಲವೆಂದರೆ, ಬೆಳಕು ಜೋರಿದ್ದೂ, ಎಲ್‌ಇಡಿಯ ಶಾಖ ಮೈಗೆ ತಲುಪುತ್ತಿಲ್ಲ ಎಂದೇ ತಿಳಿಯಬೇಕು. ಅದು ಇನ್ನೂ ಕೆಟ್ಟದ್ದು, ಎಲ್‌ಇಡಿ ಒಳಗೇ ಬೇಯುತ್ತಿರುತ್ತದೆ.

ಮಲ್ಟಿಮೀಟರ್ ಇದ್ದರೆ ಚಾರ್ಜ್ ಮುಗಿದ ಲೀಥಿಯಂ ಸೆಲ್ಲಿನ ವೋಲ್ಟೇಜ್ ನೋಡಿ. 4.15ರಿಂದ 4.20 ಸರಿ, 4.25 ದಾಟಿದರೆ ಆ ಚಾರ್ಜಿಂಗ್ ನಂಬಬೇಡಿ. 2.5ಕ್ಕಿಂತ ಕೆಳಗಿಳಿದ ಸೆಲ್‌ಗೆ ಮತ್ತೆ ಜೀವ ಕೊಡುವ ಸಾಹಸ ಬೇಡ. ಹೆಚ್ಚುವರಿ ಸೆಲ್ ಒಯ್ಯುವುದಾದರೆ ಪ್ಲಾಸ್ಟಿಕ್ ಡಬ್ಬಿಯಲ್ಲೇ, ಬೀಗದಕೈ ನಾಣ್ಯಗಳ ಜೊತೆ ಬಿಡಿಯಾಗಿ ಎಂದೂ ಅಲ್ಲ. ಸೆಲ್ಲಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಹೊಸ ಹೊದಿಕೆ ಹಾಕುವವರೆಗೆ ಬಳಸಬೇಡಿ: ಆ ಹೊದಿಕೆಯ ಕೆಳಗಿನ ಮೈಯೆಲ್ಲ ಋಣ ತುದಿಯೇ.

ಟಾರ್ಚು ಮಿನುಗುತ್ತಿದೆ, ಬೆಳಕು ಕುಂದಿದೆ ಎಂಬ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕೊಳೆ. ಮುಚ್ಚಳ ಬಿಚ್ಚಿ, ಕೊಳವೆಯ ಬರಿಯ ಲೋಹದ ಅಂಚು, ಸ್ಪ್ರಿಂಗಿನ ತುದಿ, ಸೆಲ್ಲಿನ ಎರಡೂ ತುದಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ. ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಮತ್ತು ಥ್ರೆಡ್‌ಗೆ ಸಿಲಿಕೋನ್ ಗ್ರೀಸ್ ಅಕ್ಕಿಕಾಳಿನಷ್ಟು ಸಾಕು. ಅಡುಗೆ ಎಣ್ಣೆ ಹಾಕಿದರೆ ಕೆಲವೇ ವಾರಗಳಲ್ಲಿ ಅಂಟಾಗಿ ದೂಳು ಹಿಡಿಯುತ್ತದೆ. ಬಾಲದ ಸ್ವಿಚ್ ಇರುವ ಟಾರ್ಚು ಇಷ್ಟಾದರೂ ಮಿನುಗಿದರೆ ಬಾಲದ ಒಳಗಿನ ಎರಡು ತೂತಿರುವ ಉಂಗುರವನ್ನು ಚೂಪು ಮೂತಿಯ ಇಕ್ಕಳದಿಂದ ಬಿಗಿ ಮಾಡಿ ನೋಡಿ. ಅದು ಸಡಿಲವಾಗಿ ಟಾರ್ಚು ‘ಸತ್ತುಹೋಗುವುದು’ ಬಹಳ ಸಾಮಾನ್ಯ. ಕೆಲವದರಲ್ಲಿ ಈ ಉಂಗುರ ಉಲ್ಟಾ ತಿರುಗುತ್ತದೆ, ಆದ್ದರಿಂದ ಬಲವಂತ ಮಾಡುವ ಮೊದಲು ಎರಡೂ ಕಡೆ ಮೆಲ್ಲಗೆ ತಿರುಗಿಸಿ ನೋಡಿ.